ಜೂನ್ ಒಂದರ ಮಕ್ಕಳು

ಆ ತಾರೀಖು ಬರೆದವಳು ನಾನೇ. ಬೇರೆ ಯಾರೂ ಅಲ್ಲ.

೧೯೯೭ರಲ್ಲಿ ತಳಕಲ್ ದಾಟಿ ಆಚೆಗಿರುವ ಒಂದು ಹಳ್ಳಿಯ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋದೆ. ಧಾರವಾಡದಲ್ಲಿ ಬಿ.ಎ. ಓದಿದವಳು. ಅಕ್ಷರ ದುಂಡಗಿದ್ದವು. ಮಕ್ಕಳನ್ನು ಸೇರಿಸಿಕೊಳ್ಳುವ ದಾಖಲಾತಿ ಪುಸ್ತಕವನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಊರ ನಡುವಿನ ಮನೆಯವರು ಮಗುವನ್ನು ಕರೆತರುವಾಗ ಜಾತಕದ ಚೀಟಿ ತರುತ್ತಿದ್ದರು. ಅದನ್ನು ನೋಡಿ ದಿನ, ತಿಂಗಳು, ವರ್ಷ ಬರೆಯುತ್ತಿದ್ದೆ. ಕೇರಿಯವರು ಬರಿಗೈಲಿ ಬರುತ್ತಿದ್ದರು. ಹೊಸ್ತಿಲ ಹೊರಗೇ ನಿಲ್ಲುತ್ತಿದ್ದರು. ಯಾವಾಗ ಹುಟ್ಟಿದ್ದು ಎಂದು ಕೇಳಿದರೆ, "ಜ್ವಾಳದ ತೆನಿ ಹಾಲು ತುಂಬಿದ್ವುರಿ ಅಕ್ಕೋರ" ಎನ್ನುವರು. "ಕೆರಿ ಒಡದ ವರ್ಷ, ಗೌಡ್ರ ಮನಿ ಮದುವಿ ಮುಂದ" ಎನ್ನುವರು. ನಮ್ಮ ಕಡೆ ಹೆಣ್ಣು ಮೇಷ್ಟರಿಗೆ ಅಕ್ಕೋರು ಎನ್ನುತ್ತಾರೆ. ಅಕ್ಕನಂತೆ ಅವರ ಜೊತೆ ಎರಡು ನಿಮಿಷ ಕುಳಿತು ಕೇಳಿದ್ದರೆ ತಿಂಗಳಾದರೂ ಸಿಗುತ್ತಿತ್ತು. ಕೇಳಲಿಲ್ಲ. ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿದೆ. ವರ್ಷವನ್ನು ಅಂದಾಜು ಮಾಡಿದೆ. ಜೂನ್ ಒಂದು ಎಂದು ಬರೆದೆ. ಶಾಲೆಯ ವಯಸ್ಸಿನ ಲೆಕ್ಕಕ್ಕೆ ಸರಿಹೊಂದುವ ತಾರೀಖು ಅದು.

ಹದಿನೈದು ವರ್ಷ ಹಾಗೆ ಬರೆದೆ. ಒಂದು ದಿನವೂ ನನ್ನ ಕೈ ಅಳುಕಲಿಲ್ಲ.

ಮಾರೆವ್ವನ ಮಗಳು ದುರ್ಗಾದೇವಿಗೂ ಅದೇ ತಾರೀಖು. ೧-೬-೨೦೦೦. ಅಡ್ಡಹೆಸರಿನ ಜಾಗದಲ್ಲಿ ಮಾದರ ಎಂದು ಬರೆದೆ. ಅದು ಅವರ ಜಾತಿಯ ಹೆಸರು. ಆ ಕೇರಿಯ ಎಲ್ಲ ಮಕ್ಕಳಿಗೂ ಅದನ್ನೇ ಬರೆದಿದ್ದೇನೆ.

ಮಾರೆವ್ವ ಮಳೆಗಾಲ ಬಂತೆಂದರೆ ಗಂಗಾವತಿ ಕಡೆಗೆ ನೆಲ್ಲು ಹಚ್ಚಲು ಹೋಗುತ್ತಿದ್ದಳು. ಇಪ್ಪತ್ತೈದು ಹೆಂಗಸರ ಗುಂಪು. ತಿಂಗಳುಗಟ್ಟಲೆ ಕಾಲುವೆ ಬದಿಯ ತಗಡಿನ ಶೆಡ್ಡಿನಲ್ಲಿ ಇರುವುದು. ದಿನವಿಡೀ ಮೊಣಕಾಲು ಮಟ್ಟದ ಕೆಸರಿನಲ್ಲಿ ಬಗ್ಗಿ ನಿಲ್ಲುವುದು. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈಯಲ್ಲಿ ನಾಟಿ. ಊರಿಗೆ ಬಂದಾಗ ಅವಳ ಕಾಲ್ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಕೊಳೆತಿರುತ್ತಿತ್ತು. ಉಗುರು ಕಪ್ಪಾಗಿ ಉದುರುತ್ತಿದ್ದವು. ೨೦೨೧ರಲ್ಲಿ ಅವಳ ಬೆನ್ನು ಬಗ್ಗಿದ್ದು ನೆಟ್ಟಗಾಗಲೇ ಇಲ್ಲ. ಒಂದು ಕೈ ಮೊಣಕಾಲಿನ ಮೇಲಿಟ್ಟುಕೊಂಡು ನಡೆಯುತ್ತಾಳೆ. ಗುಂಪಿನಲ್ಲಿ ಅವಳ ಜಾಗವನ್ನು ಖಾಲಿ ಬಿಡುವಂತಿಲ್ಲ. ಬಿಟ್ಟರೆ ಮರುವರ್ಷ ಆ ಮನೆಯವರನ್ನು ಯಾರೂ ಕರೆಯುವುದಿಲ್ಲ.

ದುರ್ಗಾದೇವಿ ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದಳು. ೨೦೨೨ರ ಜುಲೈನಲ್ಲಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯವರು ಕೊಪ್ಪಳದ ಖಾಸಗಿ ಕಾಲೇಜೊಂದರಲ್ಲಿ ಇಂಟರ್ವ್ಯೂ ಇಟ್ಟರು. ಡೇಟಾ ಅನಲಿಸ್ಟ್ ಕೆಲಸ. ರಾಶಿ ಬಿದ್ದ ಅಂಕಿಗಳನ್ನು ಓದಿ, ಒಪ್ಪ ಮಾಡಿ, ಅವು ಏನು ಹೇಳುತ್ತವೆ ಎಂದು ತಿಳಿಸುವ ಕೆಲಸ. ಮರುವಾರವೇ ಗುಂಪು ಗಂಗಾವತಿಗೆ ಹೊರಡುವುದಿತ್ತು.

"ಗುರುವಾರ ಇಂಟರ್ವ್ಯೂ ಐತ್ರಿ ಅಕ್ಕೋರ. ಸೋಮವಾರ ಗುಂಪು ಹೊಂಡತೈತಿ," ಎಂದು ಫೋನಿನಲ್ಲಿ ಹೇಳಿದಳು. "ನೌಕರಿ ಸಿಕ್ರ ಅವ್ವ ಮನ್ಯಾಗ ಕುಂದರತಾಳ. ಸಿಗಲಿಲ್ಲಂದ್ರ ಆಕಿ ಜಾಗಕ್ಕ ನಾ ಹೋಗಬೇಕು."

ನಾನು ನಿವೃತ್ತಳಾಗಿ ಕೊಪ್ಪಳದಲ್ಲೇ ಇದ್ದೆ. ನಾನೂ ಜೊತೆಗೆ ಬರುತ್ತೇನೆ ಎಂದೆ.

ಕಾಲೇಜಿನ ಗೇಟಿನಲ್ಲಿ ಮದಾರಸಾಬ ಎಂಬ ವಾಚ್‌ಮನ್ ಇದ್ದ. ಎಪ್ಪತ್ತರ ಹತ್ತಿರದವನು. ಕೈಯಲ್ಲಿ ಹೆಸರಿನ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದ. ನನ್ನನ್ನು ನೋಡಿ ತನ್ನ ಕುರ್ಚಿಯನ್ನು ಬೇವಿನ ಮರದ ಕೆಳಗೆ ಹಾಕಿಕೊಟ್ಟ. ದಿನವೆಲ್ಲ ತಾನು ನಿಂತೇ ಇದ್ದ.

"ದುರ್ಗಾದೇವಿ ಮಾದರ," ಎಂದಳು ಇವಳು.

"ಈಗ ಒಳಗ ಹೋದ್ಲಲ್ಲವಾ ಆ ಹೆಸರಿನಾಕಿ?" ಪಟ್ಟಿಯ ಮೇಲೆ ಬೆರಳಿಟ್ಟ. "ಇಲ್ಲಿ ಒಂದ ಐತಿ. ಟಿಕ್ ಹೊಡದೀನಿ."

ಇವಳು ಮೊಬೈಲಿನಲ್ಲಿ ಕರೆಪತ್ರ ತೋರಿಸಿದಳು. ಮದಾರಸಾಬ ಕಣ್ಣು ಕಿರಿದು ಮಾಡಿ ನೋಡಿದ. "ಕಾಗದ ಐತಿ, ಮನಶಾಳೂ ಅದಾಳ. ಹೋಗವಾ. ಪಟ್ಟಿಗೇನು, ಅದು ತಪ್ಪತಿರತೈತಿ," ಎಂದು ಒಳಗೆ ಬಿಟ್ಟ. ಆ ಮುದುಕನ ಒಳ್ಳೆಯ ಮನಸ್ಸು ಸಂಜೆ ಅವನಿಗೇ ಬೈಗುಳ ತಂದಿತು.

ಒಂದು ಗಂಟೆಗೆ ಊಟಕ್ಕೆ ಬಿಟ್ಟರು. ದುರ್ಗಾದೇವಿ ಇನ್ನೊಬ್ಬ ಹುಡುಗಿಯ ಜೊತೆ ನಗುತ್ತ ಬಂದಳು. ಎತ್ತರದ, ಕಪ್ಪು ದುಪಟ್ಟಾದ ಹುಡುಗಿ.

"ಅಕ್ಕೋರ, ಈಕಿ ನೋಡ್ರಿ. ಈಕೀನೂ ದುರ್ಗಾದೇವಿ. ಈಕೀನೂ ಮಾದರ. ಕುಷ್ಟಗಿ ಕಡೀಯಾಕಿ. ಹುಟ್ಟಿದ ತಾರೀಖು ಕೇಳ್ರಿ."

"ಜೂನ್ ಒಂದು, ಎರಡು ಸಾವಿರದ ಇಸ್ವಿ," ಎಂದಳು ಆ ಹುಡುಗಿ. "ನಮ್ಮಿಬ್ರಿಗೂ ಒಂದ ದಿನ ಕೇಕ್ ತರಬೇಕಂತ ಹೇಳಾಕತ್ತಿದ್ಲ್ರಿ ಈಕಿ."

"ಒಂದ ಕೇಕ್ ಸಾಲಂಗಿಲ್ಲ ತಗಿ. ನಮ್ಮ ಓಣಿಗೆ ಓಣೀನ ಅವತ್ತ ಹುಟ್ಟೇತಿ."

ಇಬ್ಬರೂ ನಕ್ಕರು. ನಾನೂ ನಕ್ಕೆ. ಆ ನಗು ಈಗ ನನಗೆ ನೆನಪಾಗಬಾರದು ಎನಿಸುತ್ತದೆ. ಕುಷ್ಟಗಿಯ ಹುಡುಗಿ ಬುತ್ತಿ ಬಿಚ್ಚಿ ಮೂರು ರೊಟ್ಟಿಯನ್ನು ಮೂವರಿಗೂ ಹಂಚಿದಳು. ಪುಂಡಿಪಲ್ಲೆ ಮೊದಲು ನನಗೆ ಬಡಿಸಿದಳು. ಊಟದ ಮೊದಲೇ ಅವಳ ಇಂಟರ್ವ್ಯೂ ಮುಗಿದಿತ್ತು. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ತಡವರಿಸಿದಳಂತೆ. ಬೇಡ ಎಂದಿದ್ದರು. "ಆರು ತಿಂಗಳ ಬಿಟ್ಟು ಮತ್ತ ಹಾಕ್ರಿ ಅಂದಾರ. ಹಾಕತೀನಿ," ಎಂದು ಕೈ ತೊಳೆದು ಬಸ್ಸಿಗೆ ಹೋದಳು.

ಬೆಳಿಗ್ಗೆಯ ಪರೀಕ್ಷೆಯ ವಿಷಯ ದುರ್ಗಾದೇವಿ ನನಗೆ ಹೇಳಿದ್ದು ಆಗಲೇ. ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಕೊಟ್ಟಿದ್ದರು. ಭತ್ತದ ಗದ್ದೆಗಳಿಗೆ ಕೂಲಿಯಾಳು ಒದಗಿಸುವವರಿಗೆ ಈ ಕಂಪನಿ ಒಂದು ಆ್ಯಪ್ ಮಾಡಿತ್ತು. ಅದರ ಪಟ್ಟಿ. ಆರುನೂರ ಹನ್ನೊಂದು ಸಾಲು, ಎಲ್ಲ ಹೆಂಗಸರ ಹೆಸರು. ಎರಡೆರಡು ಸಲ ಬಂದ ಹೆಸರು ಅಳಿಸಿ, ಒಟ್ಟು ಎಷ್ಟು ಜನ ಎಂದು ಹೇಳಬೇಕು.

"ಮಾರೆವ್ವ, ಒಂದು ಆರು ಎಪ್ಪತ್ತೈದು. ಹಿಂಗ ಹನ್ನೊಂದು ಸಾಲ ಇದ್ವುರಿ. ಅಳಸಿದ್ರ ಒಬ್ಬಾಕಿ ಉಳೀತಾಳ. ನಮ್ಮವ್ವನ ಗುಂಪಿನ್ಯಾಗ ಮೂರು ಮಂದಿ ಮಾರೆವ್ವ ಅದಾರ. ಮೂರೂ ಮಂದೀದು ರೇಷನ್ ಕಾರ್ಡಿನ್ಯಾಗ ಅದ ತಾರೀಖು. ನಾ ಹೆಂಗ ಅಳಸ್ಲಿ?"

"ಏನು ಬರೆದೆ ಮತ್ತೆ?"

"ಆರುನೂರ ಹನ್ನೊಂದು ಅಂತ ಬರದೆ. ಇವರು ಬ್ಯಾರೆ ಬ್ಯಾರೆ ಮಂದಿ ಇರಬೌದು, ಊರಿಗೆ ಹೋಗಿ ಕೇಳದ ಅಳಸಬಾರದು ಅಂತ ಕೆಳಗ ಬರದೀನಿ."

ನನ್ನ ಮಟ್ಟಿಗೆ ಅದು ನೂರಕ್ಕೆ ನೂರು ಉತ್ತರ. ಬಾಯಿಬಿಟ್ಟು ಹೇಳಿದೆ. ಅವಳ ಮುಖ ಅರಳಿತು. ಆ ದಿನ ನಾನು ಅವಳಿಗೆ ಕೊಟ್ಟದ್ದು ಅಷ್ಟೇ.

ನಾಲ್ಕು ಗಂಟೆಗೆ ಅವಳನ್ನು ಕರೆದರು. ಹತ್ತು ನಿಮಿಷಕ್ಕೆ ಮದಾರಸಾಬ ಓಡುತ್ತ ಬಂದ. "ಅಕ್ಕೋರ, ಒಳಗ ಬರಬೇಕಂತ್ರಿ ನೀವು. ಹುಡುಗೀದು ಏನೋ ತಕರಾರು ನಡದೈತಿ. ನನಗೂ ಬೈದ್ರು, ಇಬ್ಬರನ್ನ ಯಾಕ ಬಿಟ್ಟಿ ಅಂತ."

ತಣ್ಣಗಿನ ಕೋಣೆ. ಮೇಜಿನ ಆಚೆ ಇಬ್ಬರು. ಒಬ್ಬ ಪಂಪಾಪತಿ, ನೇಮಕಾತಿಯ ಮ್ಯಾನೇಜರ್. ಗಂಗಾವತಿಯ ವ್ಯಾಪಾರಿ ಮನೆತನದವನು, ನಮ್ಮ ಮಾತೇ ಆಡುತ್ತಿದ್ದ. ಇನ್ನೊಬ್ಬಳು ಬೆಂಗಳೂರಿನ ಕನ್ನಡಕದ ಹುಡುಗಿ. ದುರ್ಗಾದೇವಿ ನಿಂತಿದ್ದಳು. ಅವಳ ಪಕ್ಕದಲ್ಲೇ ಕುರ್ಚಿ ಖಾಲಿ ಇತ್ತು.

"ಬರ್ರಿ ಅಕ್ಕೋರ, ಕುಂದರ್ರಿ," ಎಂದ ಪಂಪಾಪತಿ ನನಗೆ. "ನಿಮ್ಮ ಹುಡುಗಿ ಶಾಣ್ಯಾ ಅದಾಳ ನೋಡ್ರಿ. ಮುಂಜಾನೆ ಒಮ್ಮೆ ಬಂದ್ಲು, ಫೇಲಾದ್ಲು. ಈಗ ದುಪಟ್ಟಾ ಬದಲಿ ಮಾಡ್ಕೊಂಡು ಮತ್ತ ಬಂದಾಳ."

"ಆಕಿ ನಾನಲ್ರಿ ಸರ," ಎಂದಳು ದುರ್ಗಾದೇವಿ. ನನಗೆ ಗೊತ್ತಾಯಿತು, ಈ ಮಾತನ್ನು ಅವಳು ಬಹಳ ಸಲ ಹೇಳಿಯಾಗಿತ್ತು.

"ಹೆಸರು ಒಂದ. ಅಡ್ಡಹೆಸರು ಒಂದ. ಹುಟ್ಟಿದ ದಿನ ಒಂದ. ಸಿಸ್ಟಮ್ ನಿಮ್ಮಿಬ್ರನ್ನೂ ಕೂಡಿಸಿ ಒಂದ ನಂಬರ ಮಾಡೇತಿ. ಆ ನಂಬರ ಮುಂಜಾನೇನ ರಿಜೆಕ್ಟ್ ಆಗೇತಿ." ಸ್ವಲ್ಪ ಮುಂದಕ್ಕೆ ಬಾಗಿದ. "ಯಾವ ಊರಂದಿ? ಯಾವ ಓಣಿ?"

ನಮ್ಮ ಕಡೆ ಯಾವ ಓಣಿ ಎಂದು ಕೇಳುವುದರ ಅರ್ಥ ಆ ಕೋಣೆಯಲ್ಲಿ ಮೂವರಿಗೆ ಗೊತ್ತಿತ್ತು. ಕನ್ನಡಕದ ಹುಡುಗಿಗೆ ಗೊತ್ತಿರಲಿಲ್ಲ. ಅವಳು ಓಣಿಯ ಹೆಸರು ಬರೆದುಕೊಳ್ಳಲು ಪೆನ್ನು ಎತ್ತಿದಳು.

"ಅಡ್ಡಹೆಸರು ನಿಮ್ಮ ಮುಂದ ಐತಲ್ರಿ ಸರ. ಮತ್ತ ಓಣಿ ಯಾಕ್ರಿ?"

"ಸುಮ್ನ ಕೇಳಿದೆವಾ. ಗಂಗಾವತಿಗೆ ನಿಮ್ಮ ಮಂದಿ ಭಾಳ ಬರ್ತಾರ. ನಮ್ಮ ಗದ್ದಿಗೂ ಬರ್ತಾರ." ನಕ್ಕ. "ಛಲೋ ಕೆಲಸ ಮಾಡ್ತಾರ."

ದುರ್ಗಾದೇವಿ ಆ ಮಾತನ್ನು ನುಂಗಿಕೊಂಡಳು. ಮೇಜಿನ ಮೇಲಿದ್ದ ಎರಡು ಹಾಳೆಗಳನ್ನು ತೋರಿಸಿದಳು. "ಸರ, ಒಂದ ನಂಬರಿಗೆ ಎರಡು ಉತ್ತರ ಬಂದಾವಲ್ರಿ. ಆಕಿ ನಾನೂರ ಎಂಬತ್ತು ಅಂತ ಬರದಾಳ. ನಾ ಆರುನೂರ ಹನ್ನೊಂದು ಅಂತ ಬರದೀನಿ. ಎರಡೂ ಹಾಳಿ ಒಂದ ಹೊತ್ತಿನ್ಯಾಗ ಮುಗದಾವ. ಒಬ್ಬಾಕಿ ಎರಡು ಕಂಪ್ಯೂಟರಿನ ಮುಂದ ಹೆಂಗ ಕುಂದರತಾಳ್ರಿ?"

ಅನಲಿಸ್ಟ್ ಮಾಡಬೇಕಾದ ಕೆಲಸವನ್ನು ಅವಳು ಅವರ ಕಣ್ಣೆದುರೇ ಮಾಡಿ ತೋರಿಸಿದಳು. ಕನ್ನಡಕದ ಹುಡುಗಿ ಎರಡೂ ಹಾಳೆ ಎತ್ತಿ ವೇಳೆ ನೋಡಿದಳು. "ಹೌದು ಸರ್, ಇವರು ಬೇರೇನೇ," ಎಂದಳು. ದುರ್ಗಾದೇವಿಗೆ ಕುಳಿತುಕೊಳ್ಳಿ ಎಂದು ಸನ್ನೆ ಮಾಡಿ, ತನ್ನ ನೀರಿನ ಬಾಟಲಿಯನ್ನು ಅವಳ ಕಡೆ ಸರಿಸಿದಳು.

ಪಂಪಾಪತಿ ಹಾಳೆಗಳನ್ನು ತಿರುಗಿಸಿಟ್ಟ. "ಬ್ಯಾರೆ ಅದಾಳಂತ ನನಗೂ ಗೊತ್ತು. ನನಗ ಗೊತ್ತಾದ್ರೇನು? ಸಿಸ್ಟಮಿಗೆ ಗೊತ್ತಾಗಬೇಕಲ್ಲ. ಈ ಉತ್ತರಾನೂ ತಪ್ಪೈತಿ. ಎಪ್ಪತ್ತು ಮಂದ್ಯಾಗ ಈಕಿ ಒಬ್ಬಾಕೀನ ಒಂದೂ ಹೆಸರು ಅಳಸಿಲ್ಲ. ಆದ್ರೂ ತಲಿ ಐತಿ, ತಗೋಬೌದು. ಆದ್ರ ಈ ತಾರೀಖು..."

"ಆ ತಾರೀಖು ನಾ ಬರದದ್ದು," ಎಂದೆ. "ಅಂದಾಜಿನ ಮ್ಯಾಲ ಬರದೆ. ಖರೇ ಅಲ್ಲದು. ಬೇಕಾದ್ರ ಪತ್ರ ಬರಕೊಡ್ತೀನಿ."

"ಬರಕೊಡ್ರಿ. ಆಕಿ ಮಾರ್ಕ್ಸ್ ಕಾರ್ಡೆಲ್ಲ ಸುಳ್ಳಂತ ಆಗತೈತಿ. ನಡೀತೈತೇನು?"

ಹದಿನಾರು ವರ್ಷದ ಹಿಂದೆ ಎರಡು ನಿಮಿಷ ಕೊಡದವಳು ಈಗ ಒಂದು ಪತ್ರ ಕೊಟ್ಟು ಕೈ ತೊಳೆದುಕೊಳ್ಳಲು ಹೊರಟಿದ್ದೆ.

ಅವನು ಒಂದು ಬಿಳಿ ಹಾಳೆಯನ್ನು ಮೇಜಿನ ಮೇಲೆ ದೂಡಿದ. "ಒಂದ ದಾರಿ ಐತಿ. 'ಎರಡೂ ಅರ್ಜಿ ನನ್ನವ, ತಪ್ಪಾಗಿ ಎರಡು ಸಲ ಹಾಕೀನಿ, ಕ್ಷಮಿಸಬೇಕು' ಅಂತ ಬರದು ಸಹಿ ಮಾಡು. ಮುಂಜಾನೀದು ಅಳಸಿ ನಿಂದು ಇಡತೀವಿ. ಮುಂದಿನ ವಾರ ಬಂದು ಕೆಲಸಕ್ಕ ಸೇರು."

ಕೆಲಸ ಅವಳ ಮುಂದೆ ಹಾಳೆಯಾಗಿ ಬಿದ್ದಿತ್ತು. ಸಹಿ ಮಾಡಿದರೆ ಮಾರೆವ್ವ ಮನೆಯಲ್ಲಿ ಕುಳಿತುಕೊಳ್ಳುತ್ತಾಳೆ. ದುರ್ಗಾದೇವಿ ಪೆನ್ನು ತೆಗೆದುಕೊಂಡಳು. ಒಂದು ಗಳಿಗೆ ನೋಡಿ ಕೇಳಿದಳು:

"ಮತ್ತ ಆಕಿ ಗತಿ ಏನ್ರಿ?"

"ಆಕಿ ಫೇಲಾಗಿ ಹೋಗ್ಯಾಳಲ್ಲ."

"ಆರು ತಿಂಗಳ ಬಿಟ್ಟು ಮತ್ತ ಹಾಕ್ರಿ ಅಂದೀರಂತಲ್ರಿ. ಆಕಿ ಹಾಕಿದ್ರ?"

ಕನ್ನಡಕದ ಹುಡುಗಿ ಮೆಲ್ಲಗೆ ಹೇಳಿದಳು, "ಆಗ ಇವರು ಈಗಾಗಲೇ ನಮ್ಮಲ್ಲಿ ಕೆಲಸ ಮಾಡ್ತಿದಾರೆ ಅಂತ ತೋರಿಸುತ್ತೆ. ಅರ್ಜಿ ತಗೊಳಲ್ಲ. ಎರಡು ಸಲ ಹಾಕಿದ್ರು ಅಂತ ಕೆಂಪು ಗುರುತು ಇರುತ್ತೆ. ನಮ್ಮ ಜೊತೆಗಿರೋ ಬೇರೆ ಕಂಪನಿಗಳಿಗೂ ಅದು ಕಾಣುತ್ತೆ."

"ಅಂದ್ರ ಆಕಿ ಇಲ್ಲಽ ಇಲ್ಲ ಅಂದಂಗ."

"ಆಕಿ ಚಿಂತಿ ನಿನಗ್ಯಾಕ?" ಪಂಪಾಪತಿಯ ಸಹನೆ ಮುಗಿದಿತ್ತು. "ನಿನಗೇನ್ ಅಕ್ಕಾ ತಂಗೀನಾ ಆಕಿ? ಆಕಿ ಯಾರಂತ ಗೊತ್ತೈತೇನ್ ನಿನಗ?"

"ಹೆಸರು ಗೊತ್ತೈತ್ರಿ. ನಂದ ಹೆಸರು ಐತಿ."

ಆಗ ನಾನು ಬಾಯಿ ತೆರೆದೆ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ನಾನು ಅವಳ ಭುಜದ ಮೇಲೆ ಕೈಯಿಟ್ಟು ಹೇಳಿದೆ: "ಸಹಿ ಮಾಡವಾ. ನಿಮ್ಮವ್ವನ ಬೆನ್ನು ನೆನಸ್ಕೊ."

ಅವಳು ನನ್ನ ಕಡೆ ತಿರುಗಿದಳು. ಒಂದನೇ ತರಗತಿಗೆ ಸೇರುವ ದಿನ ಕಿವಿ ಮುಟ್ಟಲು ಕೈ ಚಾಚಿದಾಗ ನೋಡಿದಂತೆ ನೋಡಿದಳು. "ನೀವೂ ಅಳಸಂತೀರೇನ್ರಿ ಅಕ್ಕೋರ?"

ನನ್ನ ಕೈ ತಾನಾಗಿ ಕೆಳಗೆ ಬಿತ್ತು.

ಅವಳು ಪೆನ್ನನ್ನು ಹಾಳೆಯ ಮೇಲಿಟ್ಟಳು. ಪಂಪಾಪತಿಯ ಮುಖ ನೋಡಿ ಹೇಳಿದಳು:

"ಒಲ್ಲೆ."

ಬೆಳಿಗ್ಗೆಯಿಂದ ಪ್ರತಿ ಮಾತಿಗೂ ಅವಳು ಗೌರವದ 'ರಿ' ಹಚ್ಚಿದ್ದಳು. ಹೌದ್ರಿ, ಅಲ್ರಿ, ಐತ್ರಿ. ಇದಕ್ಕೆ ಹಚ್ಚಲಿಲ್ಲ. ನಮ್ಮ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಗಂಗಾವತಿಯವನಿಗೆ ಅದು ಚೆನ್ನಾಗಿ ಕೇಳಿಸಿತು. ಅವನ ಮುಖ ಕೆಂಪಾಯಿತು.

"ಏನಂದಿ?"

"ಒಲ್ಲೆ ಅಂದೆ. ಆಕಿನ್ನ ಅಳಿಸಿ ನಾ ಬರಂಗಿಲ್ಲ. ನಾವು ಇಬ್ರು ಅದೀವಿ. ಇಬ್ರಂತ ಬರಕೊ."

"ಸೊಕ್ಕು ನೋಡ್ರಿ! ಕರದು ಕೊಟ್ರೂ ತಗೊಳ್ಳಾಕ ಬರಂಗಿಲ್ಲ ಇವರಿಗೆ. ಕೆಸರಿನ್ಯಾಗ ಹುಟ್ಟಿದ್ದು ಕೆಸರಿನ್ಯಾಗ ಇರತೈತಿ. ಮದಾರಸಾಬ! ಕಳಸು ಇವರನ್ನ."

ಮದಾರಸಾಬ ಬಂದ. ಹೊರಹಾಕುವವನಂತೆ ಬರಲಿಲ್ಲ. ಬಾಗಿಲು ಪೂರ್ತಿ ತೆರೆದು ಹಿಡಿದ. ಹೊರಗೆ ಬಂದ ಮೇಲೆ ಎರಡು ಕಪ್ ಚಹಾ ತರಿಸಿದ. "ಕುಡಿಯವಾ. ನನ್ನ ತಪ್ಪೂ ಐತಿ ಇದರಾಗ," ಎಂದ. ತಪ್ಪು ಅವನದಲ್ಲ ಎಂದು ನಾನು ಹೇಳಿದೆ. ಯಾರದು ಎಂದು ಅವನು ಕೇಳಲಿಲ್ಲ. ಕನ್ನಡಕದ ಹುಡುಗಿ ಕಿಟಕಿಯ ಹಿಂದೆ ನಿಂತು ನಮ್ಮನ್ನು ನೋಡುತ್ತಿದ್ದಳು. ಒಂದು ಸಲ ಕೈ ಎತ್ತಿದಳು. ಅವಳು ಒಳ್ಳೆಯವಳು. ಒಳಗೇ ಉಳಿದಳು.

ದುರ್ಗಾದೇವಿಯ ಜೊತೆ ಬಸ್ ಸ್ಟ್ಯಾಂಡಿನವರೆಗೆ ನಡೆದೆ. ಯಲಬುರ್ಗಾ ಬಸ್ಸು ಬಂದು ನಿಂತಾಗ ಕೇಳಿದಳು:

"ಅಕ್ಕೋರ, ನನ್ನ ಸಾಲಿಗೆ ಹೆಸರು ಹಚ್ಚಾಕ ಬಂದಾಗ ಅವ್ವ ಏನಂದಿದ್ಲ್ರಿ? ಯಾವಾಗ ಹುಟ್ಟೀನಂತ ಹೇಳಿದ್ಲು? ಈಗ ಆಕಿಗೂ ನೆನಪಿಲ್ಲ."

ನಾನು ಯೋಚಿಸಿದೆ. ಜೋಳದ ತೆನೆ ಎಂದವಳು ಇನ್ನಾರೋ. ಕೆರೆ ಒಡೆದ ವರ್ಷ ಎಂದವಳು ಇನ್ನಾರೋ. ಮಾರೆವ್ವ ಹೊಸ್ತಿಲಾಚೆ ನಿಂತು ಏನೋ ಹೇಳಿದ್ದು ನಿಜ. ಬಹಳ ಹೊತ್ತು ಹೇಳಿದ್ದಳು. ನಾನು ಬರೆಯುತ್ತಿದ್ದೆ, ಕೇಳುತ್ತಿರಲಿಲ್ಲ.

"ನೆನಪಿಲ್ಲವಾ," ಎಂದೆ.

"ಇರಲಿ ತಗೋರಿ," ಎಂದು ಬಸ್ಸು ಹತ್ತಿದಳು.

ಆ ಕಂಪನಿಗೆ ನಾನು ಮೂರು ಪತ್ರ ಬರೆದೆ. ಮೂರಕ್ಕೂ ಅದೇ ಉತ್ತರ ಬಂತು. 'ಪ್ರಿಯ ದುರ್ಗಾದೇವಿ, ನಿಮ್ಮ ಅರ್ಜಿಯನ್ನು ಈಗಾಗಲೇ ಪರಿಶೀಲಿಸಲಾಗಿದೆ.' ಮನುಷ್ಯರು ಬರೆದ ಉತ್ತರ ಅಲ್ಲ ಅದು. ಕುಷ್ಟಗಿಯ ಹುಡುಗಿಯ ವಿಳಾಸ ನನ್ನ ಬಳಿ ಇರಲಿಲ್ಲ. ಆ ದಿನ ಸಂಜೆ ಏನಾಯಿತೆಂದು ಅವಳಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಆಗಸ್ಟಿನಲ್ಲಿ ಗಂಗಾವತಿಗೆ ಹೋದೆ. ಕೊಪ್ಪಳದ ಒಂದು ಬ್ಯಾಂಕಿನಲ್ಲಿ ತಾತ್ಕಾಲಿಕ ಕೆಲಸವಿದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಕತ್ತರಿಸಿ ಚೀಲದಲ್ಲಿಟ್ಟುಕೊಂಡಿದ್ದೆ. ಕಾಲುವೆಯ ದಾರಿಯಲ್ಲಿ ಆಟೋದವನು ಗುಂಪನ್ನು ಹುಡುಕಿಕೊಟ್ಟ. ಬದುವಿನ ಮೇಲೆ ನಿಂತು ನೋಡಿದೆ. ಇಪ್ಪತ್ತೈದು ಬೆನ್ನುಗಳು. ತಲೆಗೆ ಟವೆಲು, ಮೈಮೇಲೆ ಗಂಡಸರ ಹಳೆಯ ಅಂಗಿ. ಯಾರು ಯಾರೆಂದು ತಿಳಿಯಲಿಲ್ಲ.

"ದುರ್ಗಾ!" ಎಂದು ಕೂಗಿದೆ.

ನಾಲ್ಕು ಜನ ತಲೆ ಎತ್ತಿದರು. ನಾಲ್ವರೂ ಅವಳಲ್ಲ.

ಸಾಲಿನ ತುದಿಯಲ್ಲಿ ಒಬ್ಬಳು ತಲೆ ಎತ್ತದೆ ನಾಟಿ ಮಾಡುತ್ತಲೇ ಇದ್ದಳು. ನೆಲ್ಲು ಹಚ್ಚುವವರು ಹಿಂದೆ ಹಿಂದೆ ನಡೆಯುತ್ತಾರೆ. ಅವಳ ಬೆನ್ನು ನನ್ನ ಕಡೆಗೇ ಬರುತ್ತಿತ್ತು. ಕಾಗದ ಕೊಡಬೇಕೆಂದು ಚಪ್ಪಲಿ ಬಿಟ್ಟು ಗದ್ದೆಗೆ ಇಳಿದೆ. ಕಾಲು ಹೂತಿತು. ಬಳಸಿಕೊಂಡು ಅವಳ ಮುಖದ ಕಡೆಗೆ ಹೋದೆ.

"ದುರ್ಗಾ, ನಾನವಾ. ಬ್ಯಾಂಕಿನ್ಯಾಗ ಒಂದು ಕೆಲಸ..."

"ಹುಟ್ಟಿದ ತಾರೀಖು ಕೇಳ್ಯಾರೇನ್ರಿ ಅದರಾಗ?"

ಕೇಳಿದ್ದರು. ಕಾಗದ ನನ್ನ ಕೈಯಲ್ಲೇ ಉಳಿಯಿತು.

ಅವಳು ನೆಟ್ಟಗೆ ನಿಲ್ಲಲಿಲ್ಲ. ಬಗ್ಗಿದಲ್ಲಿಂದಲೇ ನನ್ನ ಪಾದ ನೋಡಿದಳು. ನಾನು ಆಗತಾನೇ ಹಚ್ಚಿದ ಸಸಿಗಳನ್ನು ತುಳಿದು ನಿಂತಿದ್ದೆ. ಕೆಸರು ಹತ್ತಿದ ಕೈಯಿಂದ ಅವಳು ನನ್ನ ಪಾದವನ್ನು ಮೆಲ್ಲಗೆ ಎತ್ತಿ ಬದಿಗಿಟ್ಟಳು. ಮುರಿದ ಸಸಿ ಕಿತ್ತು ಬೇರೆ ಹಚ್ಚಿದಳು.

"ಮ್ಯಾಲ ಹತ್ರಿ ಅಕ್ಕೋರ," ಎಂದಳು. "ಸಾಲು ಕೆಡತೈತಿ."